ಲೇಡೀಸ್ ಕ್ಲಾಸಿನ ಬಾಗಿಲು

ಬಾಗಿಲು ಗಿಡ್ಡವಾಗಿತ್ತು. ರೇವಮ್ಮನಿಗೆ ಮೊದಲು ಕಂಡದ್ದೇ ಅದು. ಹೊರಗೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ‘ನೀಲಕಂಠ ಕಲ್ಯಾಣ ಮಹಲ್’ ಎಂಬ ಹೆಸರು, ಮುಂದೆ ತನ್ನಷ್ಟಕ್ಕೇ ಮುಚ್ಚಿಕೊಳ್ಳುವ ಗಾಜಿನ ಬಾಗಿಲು, ಒಳಗೆ ಮುಖ ಕಾಣುವಷ್ಟು ಹೊಳೆಯುವ ನೆಲ, ಇದನ್ನೆಲ್ಲ ನೋಡುತ್ತ ತಮ್ಮ ಕಾಂತೇಶ ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ಅವಳ ಕಣ್ಣು ಎಡಗಡೆಯ ಗೋಡೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಇದು ಮೊದಲು ಟಾಕೀಸಾಗಿತ್ತು, ಅದರ ಇಳಿಜಾರು ನೆಲಕ್ಕೆ ಮಣ್ಣು ತುಂಬಿಸಿ ಮಟ್ಟ ಮಾಡಿ ಟೈಲ್ಸ್ ಹಾಕಿಸಿದ್ದರು. ನೆಲ ಮೇಲೆ ಬಂದಿತ್ತು, ಪಕ್ಕದ ಬಾಗಿಲು ಮಾತ್ರ ಇದ್ದಲ್ಲೇ ಇತ್ತು. ಅಷ್ಟು ವರ್ಷ ಅವಳು ನೆಟ್ಟಗೆ ನಿಂತು ಕಾದ ಬಾಗಿಲನ್ನು ಈಗ ಯಾರು ದಾಟಬೇಕಾದರೂ ತಲೆ ಬಗ್ಗಿಸಬೇಕು. ಯಾರನ್ನು ಕೇಳಿ ತುಂಬಿಸಿದರು ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಗುವೂ ಬಂತು. ನಿಮ್ಮಪ್ಪನ ಮನೆ ಬಾಗಿಲೇನೇ ಎಂದು ತನ್ನನ್ನೇ ಕೇಳಿಕೊಂಡಳು. ಅಪ್ಪನ ಮನೆಯ ಬಾಗಿಲಲ್ಲಿ ಇಷ್ಟು ಹೊತ್ತು ನಿಂತದ್ದಿಲ್ಲ ಎನ್ನುವುದೂ ನೆನಪಾಯಿತು.

ಮಗಳು ರೂಪಶ್ರೀಯ ಮದುವೆಗೆ ಛತ್ರ ನೋಡಲು ಬಂದಿದ್ದರು. ಗುಬ್ಬಿಯ ಕೊಬ್ಬರಿ ವ್ಯಾಪಾರದ ಚನ್ನಬಸವಯ್ಯನವರ ಮಗ ಉದಯಕುಮಾರ ಹುಡುಗಿಯನ್ನು ಒಪ್ಪಿದ್ದ, ಹುಡುಗಿಯೂ ಒಪ್ಪಿದ್ದಳು. ತುಮಕೂರಿನಲ್ಲೇ ಆಗಲಿ, ನೀಲಕಂಠದಲ್ಲೇ ಆಗಲಿ, ನಾವೂ ಬಂದು ನೋಡುತ್ತೇವೆ ಎಂದು ಗಂಡಿನ ಕಡೆಯವರು ಫೋನು ಮಾಡಿದ್ದರು. ಸಂಬಂಧ ಕುದುರಿಸಿದವನು ಕಾಂತೇಶ. ಕುಣಿಗಲ್ಲಿನ ಸೊಸೈಟಿ ಬ್ಯಾಂಕಿನಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸಿಳಿದು ಬಂದವನು ಅಕ್ಕನನ್ನು ಆಟೋ ಹತ್ತಿಸಿಕೊಂಡ ಕೂಡಲೇ, ಡ್ರೈವರಿಗೆ ಕೇಳದ ಹಾಗೆ ಪಾಠ ಶುರು ಮಾಡಿದ್ದ.

“ಅಕ್ಕ, ನೀನು ಹೈಸ್ಕೂಲಲ್ಲಿ ಕೆಲ್ಸಕ್ಕಿದ್ದೆ ಅಂತ ಹೇಳಿದೀನಿ. ಗೊತ್ತಲ್ಲ. ಒಳಗ್ ಹೋದ್ಮೇಲೆ ಅದಿಲ್ಲಿತ್ತು ಇದಿಲ್ಲಿತ್ತು ಅಂತ ಶುರು ಹಚ್ಕೋಬೇಡ.”

“ಹೈಸ್ಕೂಲಲ್ಲಿ ಏನ್ ಕೆಲ್ಸ?”

“ಏನೋ ಒಂದು. ಅವ್ರು ಕೇಳಿಲ್ಲ, ನಾನು ಹೇಳಿಲ್ಲ.”

“ಗಂಟೆ ಹೊಡೀತಿದ್ದೆ ಅಂದ್ಬುಡು.”

“ತಮಾಷೆ ಮಾಡ್ಬೇಡ ಕಣಕ್ಕ. ಮಠಕ್ಕೆ ನಡ್ಕೊಳ್ಳೋ ಜನ ಅವ್ರು. ಹುಡ್ಗಿ ತಾಯಿ ಟಾಕೀಸಲ್ಲಿ ಗೇಟ್ ಕಾಯ್ತಿದ್ಲು ಅಂದ್ರೆ ಏನಂದ್ಕೊಂಡಾರು? ಸಂಬಂಧ ಮುರಿದ್ಬಿದ್ರೆ ನಿನ್ನ ಮಗಳ ಮುಖ ನೀನೇ ನೋಡ್ಬೇಕು.”

ತಮ್ಮನ ಮಾತು ಅವಳಿಗೆ ಅಷ್ಟಾಗಿ ನಾಟಲಿಲ್ಲ. ಅವನು ಚಿಕ್ಕಂದಿನಿಂದಲೂ ಹಾಗೆಯೇ, ಯಾರಾದರೂ ನೋಡುತ್ತಿದ್ದಾರೆಂದರೆ ಚಡ್ಡಿ ಸರಿಮಾಡಿಕೊಳ್ಳುವ ಜಾತಿ. ನಾಟಿದ್ದು ರೂಪಶ್ರೀಯ ಮಾತು. ವಸಂತನರಸಾಪುರದ ಫ್ಯಾಕ್ಟರಿಯ ಬಸ್ಸು ಬರುವ ಹೊತ್ತಾಗಿ, ಐಡಿ ಕಾರ್ಡು ಕತ್ತಿಗೆ ಹಾಕಿಕೊಳ್ಳುತ್ತ, ಕನ್ನಡಿಯ ಕಡೆ ತಿರುಗಿಕೊಂಡೇ ಹೇಳಿದ್ದಳು: “ಮಾಮ ಹೇಳ್ದಂಗೆ ಇದ್ಬುಡಮ್ಮ. ಒಂದಿನ ತಾನೆ.” ಒಂದು ದಿನವಂತೆ. ಗಂಡ ಸತ್ತ ಮೇಲೆ ಕಂಕುಳಲ್ಲಿದ್ದ ಕೂಸನ್ನು ಎತ್ತಿಕೊಂಡು ರೇವಮ್ಮ ಈ ಟಾಕೀಸಿಗೆ ಬಂದದ್ದು. ಈ ಕೂಸು ಲೇಡೀಸ್ ಕ್ಲಾಸಿನ ಕೊನೆಯ ಬೆಂಚಿನ ಕೆಳಗೆ ದುಪ್ಪಟಿಯ ಮೇಲೆ ಮಲಗಿ ಬೆಳೆದದ್ದು. ಪರದೆ ಮೇಲೇಳುವಾಗ ಬರುತ್ತಿದ್ದ ಗಂಟೆಯ ದನಿ ಕೇಳದಿದ್ದರೆ ಅದಕ್ಕೆ ನಿದ್ದೆ ಬರುತ್ತಿರಲಿಲ್ಲ. ಸ್ಕೂಲಿಗೆ ಸೇರಿದ ವರ್ಷ ಟೀಚರು ನಿಮ್ಮಮ್ಮ ಏನು ಮಾಡ್ತಾರೆ ಎಂದು ಕೇಳಿದಾಗ ‘ಮನೇಲಿರ್ತಾರೆ ಮಿಸ್’ ಎಂದಿತ್ತು. ಬಾಗಿಲ ಹೊರಗೆ ಬುತ್ತಿ ಹಿಡಿದುಕೊಂಡು ನಿಂತಿದ್ದ ರೇವಮ್ಮ ಅದನ್ನು ಕೇಳಿಸಿಕೊಂಡು, ಬುತ್ತಿಯನ್ನು ಆಯಾಳ ಕೈಯಲ್ಲಿ ಕೊಟ್ಟು ವಾಪಸು ಬಂದಿದ್ದಳು. ಮಗು ತಾನೆ ಎಂದುಕೊಂಡಿದ್ದಳು. ಮಗು ಈಗ ಐಡಿ ಕಾರ್ಡು ಹಾಕಿಕೊಳ್ಳುತ್ತದೆ.

ಕಾಂತೇಶ ಮ್ಯಾನೇಜರನ್ನು ಹುಡುಕಿಕೊಂಡು ಹೋದ. ರೇವಮ್ಮ ಸಭಾಂಗಣದ ನಡುವೆ ಒಬ್ಬಳೇ ನಿಂತಳು. ಬಿಳಿ ಪರದೆ ಇದ್ದ ಕಡೆ ಈಗ ಮಂಟಪ. ಮೇಲೆ ತೆಳು ಹಲಗೆಗಳ ಚಪ್ಪಟೆ ಸೀಲಿಂಗು ಹೊಡೆದು ಎತ್ತರವನ್ನೆಲ್ಲ ಮುಚ್ಚಿಬಿಟ್ಟಿದ್ದರು. ಮಾಲೀಕರು ಮೈಸೂರಿಗೆ ದಸರಾ ನೋಡಲು ಹೋದವರು ಅರಮನೆ ನೋಡಿ, ಬಂದವರೇ ಈ ಟಾಕೀಸು ಕಟ್ಟಿಸಿದರು ಎಂದು ಊರೆಲ್ಲ ಹೇಳುತ್ತಿತ್ತು. ಪರದೆಯ ಎರಡೂ ಕಡೆ, ಗೋಡೆಯ ಮೇಲುಗಡೆ, ಗಾರೆಯಲ್ಲಿ ಮಾಡಿ ಬಣ್ಣ ಹಚ್ಚಿದ ಆಳೆತ್ತರದ ನವಿಲುಗಳಿದ್ದವು. ಬಾಲ್ಕನಿಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ನೆಲದಿಂದ ಸೂರಿನವರೆಗೆ ಒಂದು ಕನ್ನಡಿ. ಗೂಳೂರಿನ ಕಡೆಯಿಂದ, ಕೊತ್ತಗೆರೆಯ ಕಡೆಯಿಂದ ಬಂದ ಹೆಂಗಸರು ಬಾಲ್ಕನಿ ಟಿಕೀಟು ಇಲ್ಲದಿದ್ದರೂ ಅಲ್ಲಿಯವರೆಗೆ ಹತ್ತಿ ತಮ್ಮನ್ನು ಕಾಲಿನಿಂದ ತಲೆಯವರೆಗೆ ನೋಡಿಕೊಂಡು ಇಳಿಯುತ್ತಿದ್ದರು. ಕೆಂಪು ಮಖಮಲ್ಲಿನ ತೆರೆ ನೆರಿಗೆ ನೆರಿಗೆಯಾಗಿ ಮೇಲೇಳುವಾಗ ಅದರ ಅಂಚಿಗೆ ಹಸಿರು, ಹಳದಿ ದೀಪ ಬೀಳುತ್ತಿತ್ತು. ಆ ಹೊತ್ತಿಗೆ ಅಳುವ ಮಕ್ಕಳೂ ಬಾಯಿ ಮುಚ್ಚುತ್ತಿದ್ದವು. ಈಗ ಎಡಗಡೆಯ ನವಿಲಿನ ಬಾಲದ ತುದಿ ಮಾತ್ರ ಸೀಲಿಂಗಿನ ಸಂದಿಯಿಂದ ಇಷ್ಟೇ ಇಷ್ಟು ಇಣುಕುತ್ತಿತ್ತು. ಅದನ್ನು ಒಡೆಯುವುದಕ್ಕೆ ಅವರಿಗೆ ಏಣಿ ಎಟುಕಿಲ್ಲ ಎಂದುಕೊಂಡು ಅವಳಿಗೆ ಸಮಾಧಾನವಾಯಿತು.

ಲೇಡೀಸ್ ಕ್ಲಾಸು ಎಂದರೆ ಅದೇ ಒಂದು ಊರು. ಗೋಡೆಯ ಪಕ್ಕ ಕಟಾಂಜನ ಹಾಕಿ ಬೇರೆ ಮಾಡಿದ ಬೆಂಚುಗಳು, ಬೇರೆ ಟಿಕೀಟು ಕಿಂಡಿ, ಬೇರೆ ಬಾಗಿಲು. ಗಂಡಸರ ಸಾಲು ರಸ್ತೆಯವರೆಗೆ ಹೋದ ದಿನ ಮೀಸೆ ಹೊತ್ತವರೆಲ್ಲ ಹೆಂಗಸರ ಸಾಲಿನ ಪಕ್ಕ ಬಂದು, ಅಮ್ಮಾ ಒಂದು ಟಿಕೀಟು ತಕ್ಕೊಡೀಮ್ಮ ಎಂದು ಹಲ್ಲುಗಿಂಜುತ್ತಿದ್ದರು. ಒಳಗೆ ಕನಕಾಂಬರದ ವಾಸನೆ, ಎಳೆಮಕ್ಕಳ ಉಚ್ಚೆಯ ವಾಸನೆ, ಕಡಲೆಕಾಯಿ ಸಿಪ್ಪೆ. ದುಃಖದ ಸೀನು ಬಂದರೆ ಸಿನಿಮಾದವಳಿಗಾಗಿ ಅಳುತ್ತಿದ್ದಾರೋ ತಮಗಾಗಿ ಅಳುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಸುಮ್ಮನೆ ಅತ್ತು ಹಗುರಾಗಿ ಎದ್ದು ಹೋಗುತ್ತಿದ್ದರು. ಅವರಲ್ಲಿ ಅರ್ಧ ಜನ ಮನೆಯಲ್ಲಿ ಹೇಳಿ ಬಂದವರಲ್ಲ. ಆಸ್ಪತ್ರೆಗೆ, ಸಂತೆಗೆ, ಬಳೆ ತೊಡಿಸಿಕೊಳ್ಳಲು ಎಂದು ಹೇಳಿ ಬಂದವರು. ಹಾಗಾಗಿ ಅವರಿಗೆ ಯಮನೆಂದರೆ ಸ್ಲೈಡು. ಒಳಗಿದ್ದ ಯಾರನ್ನಾದರೂ ಹೊರಗೆ ಕರೆಯಬೇಕಾದರೆ ಗಾಜಿನ ಚೂರಿನ ಮೇಲೆ ಇಂಥ ಊರಿನ ಇಂಥವರು ಕೂಡಲೇ ಹೊರಗೆ ಬನ್ನಿ ಎಂದು ಬರೆದು ಪರದೆಯ ಮೇಲೆ ಬಿಡುವ ಪದ್ಧತಿ ಇತ್ತು. ಸಾವು, ಹೆರಿಗೆ, ಬೆಂಕಿ, ಇಂಥದಕ್ಕೆಂದು ಇಟ್ಟದ್ದು. ಕೊತ್ತಗೆರೆಯ ಕಲ್ಲಮ್ಮ ಎಂಬುವಳ ಹೆಸರು ಹಾಗೆ ಬಂದಿತ್ತು. ತಾಯಿಗೆ ಸೀರಿಯಸ್ಸು ಎಂದು ಗಂಡ ಬಂದು ಹೇಳಿದ್ದ, ಸ್ಲೈಡು ಹಾಕಿಸಿಕೊಟ್ಟವಳು ರೇವಮ್ಮನೇ. ತಾಯಿ ಸೀರಿಯಸ್ಸಾಗಿರಲಿಲ್ಲ. ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದವಳ ಜಡೆಯನ್ನು ಅವನು ಇದೇ ಬಾಗಿಲಲ್ಲಿ ಹಿಡಿದು, ಸೈಕಲ್ ಸ್ಟ್ಯಾಂಡಿನ ನಡುವೆ ಎಳೆದುಕೊಂಡು ಹೋದ. ಸೋಡಾ ಅಂಗಡಿಯವರೂ ನೋಡಿದರು, ಸಾಲಿನಲ್ಲಿದ್ದವರೂ ನೋಡಿದರು. ಹರಿದ ಟಿಕೀಟಿನ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ರೇವಮ್ಮನೂ ನೋಡಿದಳು. ಆ ಮುಷ್ಟಿಯ ಬೆವರು ಈಗಲೂ ಅಂಗೈಗೆ ಬರುತ್ತದೆ. ಅಂದಿನಿಂದ ಅವಳ ಬಾಗಿಲಿಗೆ ಬಂದ ಯಾವ ಗಂಡನಿಗೂ ಸ್ಲೈಡು ಸಿಗಲಿಲ್ಲ. ಗಾಜಿಲ್ಲ, ಇಂಕಿಲ್ಲ, ಮೆಷಿನ್ ರೂಮಿನವನು ಊಟಕ್ಕೆ ಹೋಗಿದ್ದಾನೆ ಎಂದು ಅವಳು ಬಾಯಿಗೆ ಬಂದದ್ದು ಹೇಳಿ ಕೈ ಅಡ್ಡ ಹಿಡಿಯುತ್ತಿದ್ದಳು.

ಚಿಟಿಕೆಯ ಸದ್ದು ಕೇಳಿಸಿತು. ಗಾಜಿನ ಬಾಗಿಲು ತಳ್ಳಿಕೊಂಡು ಬಂದ ಚನ್ನಬಸವಯ್ಯ ಮ್ಯಾನೇಜರನ್ನು ಚಿಟಿಕೆ ಹೊಡೆದು ಕರೆಯುತ್ತಿದ್ದರು. ಎತ್ತರದ ಆಳು, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ. ಹೆಣ್ಣು ನೋಡಲು ಬಂದ ದಿನ ಅವರು ಕುರ್ಚಿಯಲ್ಲಿ ಕೂತು ಚೌಚೌ ಭಾತಿನ ತಟ್ಟೆ ಹಿಡಿದುಕೊಂಡಿದ್ದರು, ಕೈಗೆ ಕೆಲಸವಿತ್ತು. ಇವತ್ತು ಚಿಟಿಕೆ ಕೇಳಿದ ಕೂಡಲೇ ರೇವಮ್ಮನ ಬೆನ್ನು ತಾನಾಗಿ ಸೆಟೆದುಕೊಂಡಿತು. ತೊಂಬತ್ತರ ಆಚೀಚೆ ಒಂದು ಮಧ್ಯಾಹ್ನ, ಮ್ಯಾಟಿನಿ ಅರ್ಧ ಕಳೆದಿತ್ತು. ಕೊಬ್ಬರಿ ಮಂಡಿಯಿಂದ ನೇರ ಬಂದಿದ್ದ ಇದೇ ಮನುಷ್ಯನ ಮೈಮೇಲೆ ತೆಂಗಿನ ನಾರಿತ್ತು. ಅವಳ ಮುಖದ ಮುಂದೆಯೇ ಎರಡು ಸಲ ಚಿಟಿಕೆ ಹೊಡೆದು, ಏಯ್, ಗುಬ್ಬಿ ಶಕುಂತಲ ಅಂತ ಒಳಗವ್ಳೆ, ಸ್ಲೈಡ್ ಹಾಕ್ಸು ಎಂದಿದ್ದ. ಗಾಜಿಲ್ಲ ಸ್ವಾಮಿ ಎಂದಿದ್ದಳು. ಸರಿ, ನಾನೇ ಹೋಗಿ ನೋಡ್ತೀನಿ ಎಂದ. ಗಂಡಸ್ರು ಈ ಬಾಗಿಲಲ್ಲಿ ಹೋಗಂಗಿಲ್ಲ ಎಂದು ಕೈ ಅಡ್ಡ ಇಟ್ಟಳು. ಟಾಕೀಸು ಬಾಗ್ಲು ಕಾಯೋಳಿಗೆ ಮಾನ ಬೇರೆ ಕೇಡು ಎಂದು ಅವನು ಸೋಡಾ ಅಂಗಡಿಯವರೆಗೆ ಕೇಳುವಂತೆ ಅಂದ. ಅವಳು ಕೈ ತೆಗೆಯಲಿಲ್ಲ. ಅವನು ಹೋದ ಮೇಲೆ ಟಾರ್ಚು ಹಿಡಿದು ಒಳಗೆ ಹೋದರೆ, ಮಠಕ್ಕೆ ಹೋಗಿ ಬಂದ ವಿಭೂತಿ ಹಣೆಯ ಮೇಲೆ ಹಾಗೇ ಇಟ್ಟುಕೊಂಡಿದ್ದ ಒಬ್ಬ ಹೆಂಗಸು, ಪಕ್ಕದಲ್ಲಿ ಒಬ್ಬ ಹುಡುಗ, ದನಿ ಕೇಳಿಸಿಕೊಂಡು ನಡುಗುತ್ತ ಕೂತಿದ್ದಳು. ಏಳಬೇಡಿ, ಕೊಟ್ಟ ಕಾಸಿಗೆ ಪೂರ್ತಿ ನೋಡಿ, ಮುಗಿದ ಮೇಲೆ ನಾನು ಕಳಿಸ್ತೀನಿ ಎಂದು ಹೇಳಿದ್ದಳು ರೇವಮ್ಮ. ಮುಗಿದ ಮೇಲೆ ಹಿಂದಿನ ಓಣಿಯಿಂದ ಕರೆದುಕೊಂಡು ಹೋಗಿ ಗುಬ್ಬಿ ಬಸ್ಸು ಹತ್ತಿಸಿದ್ದಳು.

ಅಳಿಯನಾಗುವವನನ್ನು ಬಸ್ಸು ಹತ್ತಿಸಿದ್ದೆ ಹಾಗಾದರೆ, ಎಂದು ಅವಳಿಗೆ ಈಗ ಹೊಳೆಯಿತು. ಚನ್ನಬಸವಯ್ಯ ಅವಳಿಗೆ ಕೈ ಮುಗಿದು ‘ಚೆನ್ನಾಗಿದೀರಾ ತಾಯಿ’ ಎಂದರು. ಗುರುತು ಹತ್ತಿರಲಿಲ್ಲ. ಹತ್ತುವುದು ಹೇಗೆ, ಬಾಗಿಲು ಕಾಯುವವಳ ಮುಖವನ್ನು ಯಾರು ನೋಡುತ್ತಾರೆ. ಗಂಡಸರು ಊಟದ ಹಾಲ್ ನೋಡಲು ಬಾಲ್ಕನಿಯ ಮೆಟ್ಟಿಲು ಹತ್ತಿದರು. ಜೊತೆಗೆ ಬಂದಿದ್ದ ಚನ್ನಬಸವಯ್ಯನವರ ಹೆಂಡತಿ ಶಕುಂತಲಮ್ಮ ಮಂಡಿ ನೋವೆಂದು ಕೆಳಗೇ ಉಳಿದರು. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಸ್ವಲ್ಪ ಹೊತ್ತು ಗೋಡೆ ನೋಡಿದರು.

“ಇಲ್ಲೇ ಅಲ್ವಾ ಹೆಂಗಸ್ರ ಬೆಂಚು ಇದ್ದದ್ದು” ಎಂದರು.

ರೇವಮ್ಮ ಗಿಡ್ಡ ಬಾಗಿಲಿನ ಕಡೆ ನೋಡಿದಳು.

“ಹೆಣ್ಣು ನೋಡೋಕೆ ಬಂದ ದಿನ ಬಾಗ್ಲಲ್ಲಿ ನಿಂತು ‘ಒಳಕ್ ಬನ್ನಿ’ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು ನಂಗೆ. ಆ ದನಿ ಮರೆಯೋ ದನಿ ಅಲ್ಲ.” ಶಕುಂತಲಮ್ಮ ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅವ್ರಿಗೆ ಇವತ್ತಿಗೂ ಗೊತ್ತಿಲ್ಲ. ಮಠದಿಂದ ಬಸ್ಸು ಸಿಗ್ಲಿಲ್ಲ ಅಂದಿದ್ದೆ. ಈಗ ಗೊತ್ತಾದ್ರೆ ನನ್ನ ಜೊತೆಗೆ ಈ ಸಂಬಂಧಾನೂ ಜಾಲಾಡ್ತಾರೆ. ನೀವು ಸುಮ್ನಿದ್ಬುಡಿ ರೇವಮ್ಮೋರೆ, ನಾನೂ ಸುಮ್ನಿರ್ತೀನಿ.”

“ಆಯ್ತು” ಎಂದಳು ರೇವಮ್ಮ. ಎಲ್ಲರಿಗೂ ಅವಳ ಬಾಯಿಯೇ ಬೇಕಾಗಿತ್ತು, ಬೀಗ ಹಾಕುವುದಕ್ಕೆ. ತಮ್ಮನದು ಒಂದು, ಮಗಳದು ಒಂದು, ಈಗ ಬೀಗಿತ್ತಿಯದು ಇನ್ನೊಂದು. ಆದರೆ ಈ ಹೆಂಗಸಿನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅಂದು ನಡುಗುತ್ತಿದ್ದ ಹೆಗಲು ಇದೇ, ಟಾರ್ಚಿನ ಬೆಳಕಿನಲ್ಲಿ ನೋಡಿದ್ದಳು. ಸಿನಿಮಾ ಹೇಗಿತ್ತು ಎಂದು ಕೇಳಬೇಕೆನಿಸಿತು.

ಗಂಡಸರು ಇಳಿದು ಬಂದರು. ಚನ್ನಬಸವಯ್ಯನವರಿಗೆ ಛತ್ರ ಒಪ್ಪಿಗೆಯಾಗಿತ್ತು. ಮಂಟಪದ ಮುಂದೆ ನಿಂತು, ಯಾರು ಎಲ್ಲಿ ಎಂದು ಅಲ್ಲೇ ಹಂಚತೊಡಗಿದರು. ಅವರ ಬೆರಳು ಹೋದ ಕಡೆಯೆಲ್ಲ ಕಾಂತೇಶನ ತಲೆ ಆಡುತ್ತಿತ್ತು. ಮ್ಯಾನೇಜರು ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು ಪೆನ್ನಿನ ಕ್ಯಾಪು ತೆಗೆದು ಕಾಯುತ್ತಿದ್ದ. ಮಧ್ಯಾಹ್ನ ಇನ್ನೊಂದು ಪಾರ್ಟಿ ಬರುತ್ತದೆ ಎಂದು ಆಗಲೇ ಎರಡು ಸಲ ಹೇಳಿದ್ದ.

“ಧಾರೆಗೆ ನೀವೂ ನಿಮ್ಮನೆಯವ್ರೂ ಕೂತ್ಕೊಳ್ಳಿ ಬೀಗ್ರೆ” ಎಂದರು ಚನ್ನಬಸವಯ್ಯ ಕಾಂತೇಶನಿಗೆ. “ಬಾಗ್ಲಲ್ಲಿ ಪನ್ನೀರು ಕಲ್ಲುಸಕ್ರೆ ಹಿಡಿಯೋಕೆ ನಾಕು ಜನ ಮುತ್ತೈದೇರ್ನ ನಿಲ್ಸಿ. ಅಮ್ಮೋರಿಗೆ ಅಲ್ಲಿ, ಆ ಮೂಲೇಲಿ ಒಂದ್ ಒಳ್ಳೆ ಕುರ್ಚಿ ಹಾಕ್ಸಿ, ಫ್ಯಾನ್ ಕೆಳ್ಗೆ. ಆರಾಮಾಗಿ ಕೂತು ನೋಡ್ಲಿ ಪಾಪ.”

ಬೆರಳು ಗಿಡ್ಡ ಬಾಗಿಲಿನ ಪಕ್ಕದ ಮೂಲೆಯನ್ನು ತೋರಿಸುತ್ತಿತ್ತು. ಒರಟಾಗಿ ಹೇಳಿದ್ದರೆ ರೇವಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ. ಆ ‘ಪಾಪ’ ಎನ್ನುವುದು ಎಲ್ಲೋ ಹೋಗಿ ತಗುಲಿತು. ಕುಂಕುಮವಿಲ್ಲದ ಹಣೆ ಜನರ ಎದುರಿಗೆ ಬರಬಾರದು, ಅಷ್ಟೇ ತಾನೆ ಅದರ ಅರ್ಥ. ಊರಿನ ಮುತ್ತೈದೆಯರನ್ನೆಲ್ಲ ಈ ಹಣೆ ಇಟ್ಟುಕೊಂಡೇ ಒಳಗೆ ಬಿಟ್ಟಿದ್ದಳು, ಯಾರ ತಾಳಿಯೂ ಕಿತ್ತು ಬಿದ್ದಿರಲಿಲ್ಲ. ಅವರಲ್ಲಿ ಬಸುರಿಯರಿದ್ದರು, ಬಾಣಂತಿಯರಿದ್ದರು, ಮದುವೆಯ ಅರಿಸಿನ ಆರದವರಿದ್ದರು. ಅಕ್ಕಾ ಒಂಚೂರು ಹಿಡ್ಕೊಳ್ಳಿ ಎಂದು ಎಳೆಗೂಸುಗಳನ್ನು ಅವಳ ಕೈಯಲ್ಲಿ ಹಾಕಿ ಹೋಗುತ್ತಿದ್ದರು. ಸುಮ್ಮನಿದ್ದರೆ ಮಗಳ ಮದುವೆ ಆಗುತ್ತದೆ, ಎಂದು ಅವಳ ಒಳಗೆ ಯಾವುದೋ ಲೆಕ್ಕ ನಡೆಯುತ್ತಲೇ ಇತ್ತು. ಸುಮ್ಮನಿದ್ದು ಆ ಕುರ್ಚಿಯಲ್ಲಿ ಕೂತರೆ ಮಗಳು ಇನ್ನು ಮುಂದೆ ಜೀವಮಾನವೆಲ್ಲ ಗುಬ್ಬಿಯ ಮನೆಯಲ್ಲಿ, ಅಮ್ಮ ಮನೇಲಿರ್ತಾರೆ ಎಂದು ಹೇಳಿಕೊಂಡೇ ಇರಬೇಕಾಗುತ್ತದೆ. ಒಂದು ದಿನದ್ದಲ್ಲ ಅದು.

“ಕುರ್ಚಿ ಬೇಡ” ಎಂದಳು. “ನಾನು ಬಾಗ್ಲಲ್ಲಿ ನಿಂತ್ಕೋತೀನಿ. ನನ್ನ ಮಗಳ ಮದ್ವೆಗೆ ಬರೋ ಜನಾನ ನಾನೇ ಒಳಕ್ಕೆ ಕರೀತೀನಿ.”

ಕಾಂತೇಶ ಕೆಮ್ಮಿದ. ಚನ್ನಬಸವಯ್ಯ ನಕ್ಕರು. “ಶುಭಕಾರ್ಯ ತಾಯಿ. ನಿಮ್ಗೆ ತಿಳೀದೇ ಇರೋದೇನೈತೆ.”

“ಬಾಗ್ಲು ತಿಳಿದೈತೆ” ಎಂದಳು ರೇವಮ್ಮ. “ನಾನು ಹೈಸ್ಕೂಲಲ್ಲಿ ಇರ್ಲಿಲ್ಲ. ನನ್ನ ತಮ್ಮ ಹೆದರ್ಕೊಂಡು ಹಂಗ್ ಹೇಳವ್ನೆ. ಇದೇ ಟಾಕೀಸಲ್ಲಿ ಲೇಡೀಸ್ ಗೇಟ್ ಕೀಪರ್ ಆಗಿದ್ದೆ. ರೂಪನ್ನ ಸಾಕಿದ್ದು ಓದ್ಸಿದ್ದು ಈ ಕೆಲ್ಸದಲ್ಲಿ. ಅಗೋ, ಆ ಗಿಡ್ಡ ಬಾಗ್ಲು ನಂದು.”

ಕಾಂತೇಶ ಅಕ್ಕನನ್ನು ನೋಡದೆ ನೆಲದ ಟೈಲ್ಸನ್ನು ನೋಡಿದ. ಚನ್ನಬಸವಯ್ಯ ಬಾಗಿಲನ್ನು ನೋಡಿ, ರೇವಮ್ಮನನ್ನು ನೋಡಿ, ಮತ್ತೆ ಬಾಗಿಲನ್ನು ನೋಡಿದರು. ಅವರ ಮುಖದಲ್ಲಿ ಏನೋ ನಿಧಾನವಾಗಿ ಮೇಲೆ ಬರುತ್ತಿತ್ತು.

“ನೀನಾ ಅದು” ಎಂದರು. ‘ತಾಯಿ’ ಹೋಗಿತ್ತು, ‘ನೀವು’ ಹೋಗಿತ್ತು. “ಅವತ್ತು ಕೈ ಅಡ್ಡ ಹಾಕಿ ನಿಲ್ಸಿದ್ದೋಳು.”

“ಹೂಂ, ನಾನೇ.”

“ಇವ್ಳನ್ನ ಟಾಕೀಸಲ್ಲಿ ನೋಡ್ದೆ ಅಂದ ಮಂಡಿ ಹುಡ್ಗ ಸುಳ್ಳು ಹೇಳ್ದ ಅಂತ ಅವನ್ಗೆ ಹೊಡ್ದಿದ್ದೆ ಕಣಮ್ಮ ನಾನು.” ಅವರು ಹೆಂಡತಿಯ ಕಡೆ ತಿರುಗಲಿಲ್ಲ, ರೇವಮ್ಮನನ್ನೇ ನೋಡುತ್ತಿದ್ದರು. “ಈಗ್ಲಾದ್ರೂ ಹೇಳು. ಇವ್ಳು ಒಳಗಿದ್ಲಾ ಇಲ್ವಾ?”

ಹೂಂ ಎಂದರೆ ತಪ್ಪು ತನ್ನದಾಗುವುದಿಲ್ಲ, ಗಂಡ ಹೆಂಡತಿಯ ಜಗಳವಾಗುತ್ತದೆ. ಇಲ್ಲ ಎಂದರೆ ಎಲ್ಲರೂ ಉಸಿರು ಬಿಡುತ್ತಾರೆ. ಕಾಂತೇಶ ಕಣ್ಣಿನಲ್ಲೇ ಇಲ್ಲ ಅನ್ನು ಎಂದು ಬೇಡುತ್ತಿದ್ದ. ರೇವಮ್ಮನಿಗೆ ಇದ್ದಕ್ಕಿದ್ದಂತೆ ಈ ಲೆಕ್ಕಗಳೆಲ್ಲ ಸಾಕಾಗಿ ಹೋಯಿತು.

“ಲೇಡೀಸ್ ಕ್ಲಾಸಲ್ಲಿ ಯಾರ್ ಕೂತಿದ್ರು ಅಂತ ನಾನು ಯಾವ ಗಂಡಸ್ಗೂ ಹೇಳಿಲ್ಲ” ಎಂದಳು. “ಟಾಕೀಸ್ ಮುಚ್ಚಿದ್ರೇನು, ಇವತ್ತೂ ಹೇಳಲ್ಲ. ಸಂಬಂಧ ಬೇಡ ಅಂದ್ರೆ ಬೇಡ ಅನ್ನಿ.”

ಮ್ಯಾನೇಜರು ಪೆನ್ನಿನ ಕ್ಯಾಪು ಹಾಕಿದ. ಎಲ್ಲೋ ಅಡಿಗೆ ಮನೆಯ ಕಡೆ ಪಾತ್ರೆ ಉರುಳಿದ ಸದ್ದು. ಶಕುಂತಲಮ್ಮ ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಎದ್ದರು.

“ಇದ್ದೆ ಕಣ್ರೀ” ಎಂದರು. “ಉದಯನೂ ಇದ್ದ. ಮಠಕ್ಕೂ ಹೋಗಿದ್ದೆ, ಸಿನಿಮಾಕ್ಕೂ ಬಂದಿದ್ದೆ. ನೀವು ಹೊರ್ಗೆ ಕೂಗಾಡ್ತಿದ್ದದ್ದೂ ಕೇಳಿಸ್ತು. ಕೊನೇವರ್ಗೂ ನೋಡ್ಕೊಂಡೇ ಬಂದೆ.” ಅವರು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. “ಈಗೇನು, ಸ್ಲೈಡ್ ಹಾಕಿಸ್ತೀರಾ?”

ಚನ್ನಬಸವಯ್ಯ ಎರಡು ಬೆರಳು ಒಟ್ಟು ಮಾಡಿದರು, ಚಿಟಿಕೆ ಬರಲಿಲ್ಲ. ಪಂಚೆಯ ಚುಂಗು ಎತ್ತಿ ಹಿಡಿದುಕೊಂಡು ದಡದಡನೆ ಹೊರಟರು. ಹತ್ತಿರದಲ್ಲಿದ್ದದ್ದು ಪಕ್ಕದ ಬಾಗಿಲು. ಅವರ ವ್ಯಾನೂ ಅದೇ ಕಡೆ ಬಿಸಿಲಲ್ಲಿ ನಿಂತಿದ್ದು ಕಾಣುತ್ತಿತ್ತು. ಅವರು ಬಗ್ಗಲು ತಲೆ ತಗ್ಗಿಸುವಷ್ಟರಲ್ಲಿ ರೇವಮ್ಮ ಅಲ್ಲಿದ್ದಳು. ಯೋಚನೆ ಮಾಡಿ ಹೋದದ್ದಲ್ಲ, ಕಾಲಿಗೆ ದಾರಿ ಗೊತ್ತಿತ್ತು, ಕೈಗೆ ಎತ್ತರ ಗೊತ್ತಿತ್ತು. ಕೈ ಬಾಗಿಲಿಗೆ ಅಡ್ಡ ಹೋಗಿ ನಿಂತಿತು.

“ಇದು ಹೆಂಗಸ್ರ ಬಾಗ್ಲು” ಎಂದಳು. “ಗಂಡಸ್ರು ಆ ಕಡೆಯಿಂದ.”

ಚನ್ನಬಸವಯ್ಯ ಆ ಕೈಯನ್ನು ನೋಡಿದರು. ಈಗ ಅದರ ಮೇಲೆ ನರ ಎದ್ದಿತ್ತು, ಒಂದು ತಳ್ಳಿದರೆ ಪಕ್ಕಕ್ಕೆ ಹೋಗುವಂಥ ಕೈ. ಅಕ್ಕಾ, ಅಕ್ಕಾ, ಎಂದು ಕಾಂತೇಶ ಹಿಂದಿನಿಂದ ಪಿಸುಗುಡುತ್ತಿದ್ದ. ಚನ್ನಬಸವಯ್ಯ ಬಗ್ಗಿದ ತಲೆಯನ್ನು ನಿಧಾನವಾಗಿ ಎತ್ತಿದರು. ತಿರುಗಿದರು. ಅಷ್ಟುದ್ದದ ಸಭಾಂಗಣವನ್ನು ಉದ್ದಕ್ಕೂ ನಡೆದುಕೊಂಡು, ಮಂಟಪ ದಾಟಿ, ಮ್ಯಾನೇಜರನ ಮೇಜು ದಾಟಿ, ಗಾಜಿನ ಬಾಗಿಲಿನ ಹತ್ತಿರ ಹೋಗಿ, ಅಲ್ಲಿ ನಿಂತರು. ಬೆನ್ನು ಈ ಕಡೆಗೇ ಇತ್ತು.

“ಬರ್ಕೊಳ್ರೀ ಡೇಟು” ಎಂದರು. “ಏನ್ ನನ್ನ ಮುಖ ನೋಡ್ತೀರಿ?”

ಮ್ಯಾನೇಜರು ಕ್ಯಾಪು ಮತ್ತೆ ತೆಗೆದ. “ಹೆಣ್ಣಿನ ಕಡೆಯೋರ್ ಹೆಸ್ರು ಸಾರ್?”

“ಕಾಂತೇಶ್” ಎಂದು ಕಾಂತೇಶ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಅಷ್ಟು ವರ್ಷ ಆ ಪರದೆಯ ಮೇಲೆ ಊರವರ ಹೆಸರೆಲ್ಲ ಬಂದು ಹೋಗುವುದನ್ನು ಕೆಳಗೆ ಕತ್ತಲಲ್ಲಿ ನಿಂತು ನೋಡಿದವಳು, ಸಭಾಂಗಣದ ಆ ತುದಿಗೆ ಮುಟ್ಟುವ ಹಾಗೆ, ಹೌಸ್‌ಫುಲ್ಲಾದ ದಿನ ಕೂಗುತ್ತಿದ್ದ ದನಿಯಲ್ಲೇ ಕೂಗಿದಳು.

“ರೇವಮ್ಮ ಅಂತ ಬರ್ಕೊಳ್ಳಪ್ಪ.”

ಕೈ ಇನ್ನೂ ಬಾಗಿಲಿಗೆ ಅಡ್ಡವಾಗಿಯೇ ಇತ್ತು. ಶಕುಂತಲಮ್ಮ ಮಂಡಿ ಎಳೆಯುತ್ತ ಹತ್ತಿರ ಬಂದಾಗ ಅದನ್ನು ತೆಗೆದು, ಒಂಚೂರು ಪಕ್ಕಕ್ಕೆ ಸರಿದು ನಿಂತು, “ತಲೆ ಜೋಪಾನ” ಎಂದಳು.